ಹೋಸೆ ರಿಸಾಲ್ ಅವರ ಬಾಲ್ಯವನ್ನು ತರಗತಿಯಲ್ಲಿ ಹೇಳುವ ಬಗೆ

ಫಿಲಿಪ್ಪೀನ್ಸಿನ ರಾಷ್ಟ್ರವೀರ ಹೋಸೆ ರಿಸಾಲ್ ಅವರ ಪಾಠವನ್ನು ಸಾಮಾನ್ಯವಾಗಿ ಅವರ ಸಾವಿನಿಂದ, ಅಂದರೆ 1896ರ ಡಿಸೆಂಬರ್ 30ರಂದು ಸ್ಪೇನಿನ ಆಡಳಿತ ಮನಿಲಾದ ಬಾಗುಂಬಾಯನ್ ಮೈದಾನದಲ್ಲಿ ಅವರನ್ನು ಗುಂಡಿಟ್ಟು ಕೊಂದ ಪ್ರಸಂಗದಿಂದ ಆರಂಭಿಸುವುದು ರೂಢಿ. ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಬೋಧಿಸುವ ಸಹೋದ್ಯೋಗಿಗಳು ಈ ರೂಢಿಯನ್ನು ಬಿಡಬೇಕೆಂದು ನನ್ನ ಕೋರಿಕೆ. ಹುತಾತ್ಮನ ಚಿತ್ರ ಮೊದಲೇ ಎದುರಿಗೆ ನಿಂತರೆ, ಮುಂದೆ ಹೇಳುವ ಬಾಲ್ಯವೆಲ್ಲ ದೈವಾಂಶದ ಮಗುವೊಂದರ ಪವಾಡದ ಕಥೆಯಾಗಿಬಿಡುತ್ತದೆ. ಹತ್ತು ವರ್ಷದ ಹುಡುಗನೊಬ್ಬ ತನ್ನ ಮನೆಯಲ್ಲಿ, ತನ್ನ ಊರಿನಲ್ಲಿ ಏನೇನು ಕಂಡ ಎಂಬುದನ್ನು ಮಕ್ಕಳ ಮುಂದಿಟ್ಟರೆ ಸಾಕು. ಆತ ಮುಂದೆ ಏಕೆ ಹಾಗೆ ಬರೆದ ಎಂಬುದನ್ನು ಅವರೇ ಊಹಿಸುತ್ತಾರೆ.

ಭೂಪಟದಿಂದ ಆರಂಭಿಸಿ. ಲುಸಾನ್ ದ್ವೀಪದಲ್ಲಿ ಮನಿಲಾದ ದಕ್ಷಿಣಕ್ಕೆ ಇರುವ ದೊಡ್ಡ ಸರೋವರ, ಅದರ ದಂಡೆಯ ಕಲಾಂಬ ಪಟ್ಟಣ, ಪಕ್ಕದಲ್ಲಿ ಮಕಿಲಿಂಗ್ ಬೆಟ್ಟ, ಇಷ್ಟನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಸಾಕು. ರಿಸಾಲ್ ಈ ಕಲಾಂಬದಲ್ಲಿ ಹುಟ್ಟಿದ್ದು 1861ರ ಜೂನ್ 19ರಂದು, ಹನ್ನೊಂದು ಮಕ್ಕಳಲ್ಲಿ ಏಳನೆಯವರಾಗಿ. ರವೀಂದ್ರನಾಥ ಠಾಕೂರರು ಹುಟ್ಟಿದ್ದೂ ಅದೇ ವರ್ಷ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ ಆ ತಲೆಮಾರಿನವರೇ. ಈ ಒಂದು ಮಾತಿನಿಂದ ಮಕ್ಕಳಿಗೆ ಕಾಲದ ಅಂದಾಜು ಸಿಗುತ್ತದೆ.

ಆಮೇಲೆ ಜಮೀನಿನ ವಿಷಯಕ್ಕೆ ಬನ್ನಿ. ಇದನ್ನು ಬಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ತಂದೆ ಫ್ರಾನ್ಸಿಸ್ಕೊ ಮೆರ್ಕಾದೊ ಅನುಕೂಲಸ್ಥ ಬೇಸಾಯಗಾರರು, ಕಬ್ಬು, ಭತ್ತ ಬೆಳೆಯುತ್ತಿದ್ದವರು. ಆದರೆ ಭೂಮಿ ಅವರದಲ್ಲ. ಕಲಾಂಬದ ಜಮೀನು ಡೊಮಿನಿಕನ್ ಪಂಥದ ಪಾದ್ರಿಗಳ ಒಡೆತನದಲ್ಲಿತ್ತು, ಊರಿನವರು ಅದನ್ನು ಗುತ್ತಿಗೆಗೆ ಮಾಡುತ್ತಿದ್ದರು. ಇನಾಂ ರದ್ದಾಗುವ ಮೊದಲು ನಮ್ಮ ಕಡೆಯ ಇನಾಂ ಗ್ರಾಮಗಳಲ್ಲಿ ಗೇಣಿದಾರರ ಸ್ಥಿತಿ ಹೇಗಿತ್ತೆಂದು ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹಿಂದಿನ ದಿನವೇ ಮಕ್ಕಳಿಗೆ ಹೇಳಿ. ಅವರು ತರುವ ಉತ್ತರಗಳ ಜೊತೆಗೆ, ಗುತ್ತಿಗೆಯ ವ್ಯಾಜ್ಯ ಬೆಳೆದು 1890ರ ಸುಮಾರಿಗೆ ಕಲಾಂಬದ ಒಕ್ಕಲುಗಳನ್ನು, ರಿಸಾಲ್ ಅವರ ಕುಟುಂಬದವರನ್ನೂ ಸೇರಿಸಿ, ಮನೆಮಠ ಬಿಡಿಸಿ ಹೊರಹಾಕಲಾಯಿತು ಎಂಬುದನ್ನು ಹೇಳಿದರೆ ಪಾಠ ತಾನಾಗಿ ಮುಂದೆ ಸಾಗುತ್ತದೆ.

ಹೆಚ್ಚು ಸಮಯವನ್ನು ತಾಯಿಗೆ ಕೊಡಿ. ಒಂದು ಇಡೀ ಅವಧಿ ಕೊಟ್ಟರೂ ತಪ್ಪಿಲ್ಲ. ತೆಯೊದೋರ ಅಲೋನ್ಸೊ ಮನಿಲಾದಲ್ಲಿ ಓದಿದ್ದ, ಆ ಕಾಲಕ್ಕೆ ಅಪರೂಪವೆನ್ನಬೇಕಾದ ವಿದ್ಯಾವಂತೆ. ಮಗನಿಗೆ ಅಕ್ಷರಾಭ್ಯಾಸ ಮಾಡಿಸಿದವರೂ ಅವರೇ. ಒಂದು ರಾತ್ರಿ ಕೊಬ್ಬರಿ ಎಣ್ಣೆಯ ದೀಪದ ಬೆಳಕಿನಲ್ಲಿ ಸ್ಪ್ಯಾನಿಷ್ ಪುಸ್ತಕವನ್ನು ಓದಿಸುತ್ತಿದ್ದಾಗ ಹುಡುಗನ ಗಮನವೆಲ್ಲ ದೀಪದ ಸುತ್ತ ಹಾರಾಡುವ ಹುಳುಗಳ ಮೇಲಿರುವುದನ್ನು ಕಂಡು, ತಾಯಿಯ ಮಾತು ಕೇಳದೆ ಉರಿಯ ಹತ್ತಿರ ಹೋಗಿ ರೆಕ್ಕೆ ಸುಟ್ಟುಕೊಂಡ ಪತಂಗದ ಮರಿಯ ಕಥೆಯನ್ನು ಆಕೆ ಹೇಳಿದರು. ಹಿರಿಯರ ಮಾತು ಕೇಳಬೇಕೆಂಬುದು ಅವರ ಉದ್ದೇಶವಾಗಿತ್ತು. ಹುಡುಗನಿಗೆ ಮಾತ್ರ ಆ ಪತಂಗ ತಪ್ಪಿತಸ್ಥನಂತೆ ಕಾಣಲಿಲ್ಲ, ಬೆಳಕು ಅಷ್ಟು ಚೆಲುವಾಗಿತ್ತು ಎಂದು ರಿಸಾಲ್ ಮುಂದೆ ನೆನೆದು ಬರೆದಿದ್ದಾರೆ. ಈ ಪ್ರಸಂಗವನ್ನು ಮಕ್ಕಳಿಂದ ಓದಿಸಿ. ವ್ಯಾಖ್ಯಾನ ಮಾಡಲು ಆತುರಪಡಬೇಡಿ.

ಇದೇ ತಾಯಿಯನ್ನು 1871ರ ಸುಮಾರಿಗೆ ಬಂಧಿಸಲಾಯಿತು. ತನ್ನ ಸಹೋದರನ ಹೆಂಡತಿಗೆ ವಿಷವಿಕ್ಕಲು ಅವನೊಡನೆ ಸೇರಿ ಸಂಚು ಮಾಡಿದರೆಂಬುದು ಆರೋಪ. ಕಲಾಂಬದಿಂದ ಪ್ರಾಂತ್ಯದ ಮುಖ್ಯ ಪಟ್ಟಣವಾದ ಸಾಂತಾ ಕ್ರೂಸಿನ ಸೆರೆಮನೆಗೆ ಸುಮಾರು 50 ಕಿಲೋಮೀಟರ್ ದೂರವನ್ನು ಆಕೆಯನ್ನು ನಡೆಸಿಕೊಂಡೇ ಹೋದರು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹತ್ತಿರ ಹತ್ತಿರ ಅಷ್ಟೇ ದೂರವಿದೆ; ಬಸ್ಸಿನಲ್ಲಿ ಆ ದಾರಿ ಸವೆಸಿದ ಮಕ್ಕಳಿಗೆ ಇಷ್ಟು ಹೇಳಿದರೆ ಹೆಚ್ಚಿನ ವಿವರಣೆ ಬೇಡ. ಮನಿಲಾದ ಉಚ್ಚ ನ್ಯಾಯಾಲಯ ನಿರಪರಾಧಿಯೆಂದು ಬಿಡುಗಡೆ ಮಾಡುವಷ್ಟರಲ್ಲಿ ಸುಮಾರು ಎರಡೂವರೆ ವರ್ಷಗಳು ಕಳೆದಿದ್ದವು. ಈ ನಡುವೆ ಮನಿಲಾದಲ್ಲಿ ಓದುತ್ತಿದ್ದ ಹುಡುಗ ರಜೆಯಲ್ಲಿ ಒಬ್ಬನೇ ಸೆರೆಮನೆಗೆ ಹೋಗಿ ತಾಯಿಯನ್ನು ಕಂಡು, ತಾನು ಚೆನ್ನಾಗಿ ತೇರ್ಗಡೆಯಾದ ಸುದ್ದಿಯನ್ನು ತಿಳಿಸಿ ಬಂದಿದ್ದ. ನ್ಯಾಯದ ಕುರಿತು ರಿಸಾಲ್ ಮುಂದೆ ಬರೆದುದಕ್ಕೆಲ್ಲ ಬೇರು ಇಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂದಿನದು 1872, ಮನಿಲಾದಲ್ಲಿ ಮೂವರು ಪಾದ್ರಿಗಳನ್ನು ಕೊಂದ ವರ್ಷ. ಗೌರಿಬಿದನೂರಿನ ಸುತ್ತಮುತ್ತಲ ಶಾಲೆಯವರು ಸಾಧ್ಯವಾದರೆ ಇದಕ್ಕೆ ಮೊದಲು ಮಕ್ಕಳನ್ನು ವಿದುರಾಶ್ವತ್ಥದ ಸ್ಮಾರಕಕ್ಕೆ ಕರೆದೊಯ್ಯಬೇಕು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಅಲ್ಲಿ ಗುಂಡು ಹಾರಿದ್ದು ನಮ್ಮ ಜಿಲ್ಲೆಯ ಮನೆಮನೆಗೂ ಗೊತ್ತಿರುವ ವಿಷಯ. ಒಂದು ಊರಿನ ನೆನಪು ಮಕ್ಕಳಿಂದ ಮಕ್ಕಳಿಗೆ ಹೇಗೆ ದಾಟುತ್ತದೆ ಎಂಬುದನ್ನು ಅಲ್ಲಿ ನಿಂತು ಹೇಳುವುದು ಸುಲಭ. ಎರಡು ಘಟನೆಗಳ ವ್ಯತ್ಯಾಸವನ್ನೂ ಸ್ಪಷ್ಟವಾಗಿ ಹೇಳಬೇಕು. ಮನಿಲಾದ ಸಮೀಪದ ಕವೀತೆಯ ಸೈನಿಕರ ದಂಗೆಗೆ ಕುಮ್ಮಕ್ಕು ಕೊಟ್ಟರೆಂಬ ಆರೋಪ ಹೊರಿಸಿ, ಮರಿಯಾನೊ ಗೋಮೆಸ್, ಹೋಸೆ ಬುರ್ಗೋಸ್, ಹಸಿಂತೊ ಸಮೋರ ಎಂಬ ಮೂವರು ಪಾದ್ರಿಗಳನ್ನು 1872ರ ಫೆಬ್ರವರಿ 17ರಂದು ಬಹಿರಂಗವಾಗಿ ಕತ್ತು ಹಿಸುಕಿ ಕೊಲ್ಲಲಾಯಿತು. ಅವರು ಸ್ಥಳೀಯ ಪಾದ್ರಿಗಳಿಗೂ ಸಮಾನ ಸ್ಥಾನ ಸಿಗಬೇಕೆಂದು ಬಯಸಿದವರು. ರಿಸಾಲ್ ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಅಣ್ಣ ಪಸಿಯಾನೊ ಇದೇ ಬುರ್ಗೋಸರ ಮನೆಯಲ್ಲಿದ್ದು ಓದುತ್ತಿದ್ದವರಾದ್ದರಿಂದ ಸುದ್ದಿ ಪತ್ರಿಕೆಯ ಮೂಲಕ ಬರಲಿಲ್ಲ, ಅಣ್ಣನ ಬಾಯಿಂದಲೇ ಮನೆಗೆ ಬಂತು. 1872 ಇಲ್ಲದಿದ್ದರೆ ತಾನು ಜೆಸ್ಯೂಟ್ ಪಂಥದ ಪಾದ್ರಿಯಾಗಿರುತ್ತಿದ್ದೆ, ತನ್ನ ಮೊದಲ ಕಾದಂಬರಿ ‘ನೋಲಿ ಮೆ ತಾಂಜೆರೆ’ಗೆ ಬದಲಾಗಿ ಅದಕ್ಕೆ ವಿರುದ್ಧವಾದುದನ್ನೇ ಬರೆಯುತ್ತಿದ್ದೆ ಎಂಬ ಅರ್ಥದ ಮಾತನ್ನು ರಿಸಾಲ್ 1889ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. 1891ರ ಎರಡನೆಯ ಕಾದಂಬರಿಯನ್ನು ಆ ಮೂವರಿಗೇ ಅರ್ಪಿಸಿದರು.

ಶಾಲೆಯ ದಿನಗಳನ್ನು ಹೇಳುವಾಗ ಅವರು ಸಾಮಾನ್ಯ ಹುಡುಗನಂತೆ ಕಷ್ಟಪಟ್ಟದ್ದನ್ನು ಮರೆಮಾಡಬೇಡಿ. ಕಲಾಂಬಕ್ಕೆ ಹತ್ತಿರದ ಬಿನ್ಯಾನ್ ಪಟ್ಟಣದ ಶಾಲೆಗೆ ಸೇರಿದ ದಿನ ಮೇಷ್ಟರು ಸ್ಪ್ಯಾನಿಷ್ ಬರುತ್ತದೆಯೇ ಎಂದು ಕೇಳಿದಾಗ ಹುಡುಗ ಸ್ವಲ್ಪ ಬರುತ್ತದೆ ಎಂದ, ಲ್ಯಾಟಿನ್ ಬರುತ್ತದೆಯೇ ಎಂದರೆ ಅದಕ್ಕೂ ಅದೇ ಉತ್ತರ, ತರಗತಿಯೆಲ್ಲ ನಕ್ಕಿತು. ಬೆತ್ತದ ಏಟಿಲ್ಲದ ದಿನಗಳು ಅಲ್ಲಿ ಕಡಿಮೆ, ಬೆಳಗಿನ ಊಟಕ್ಕೆ ಅನ್ನ ಮತ್ತು ಎರಡು ಸಣ್ಣ ಒಣಮೀನು. ಮನಿಲಾದ ಅತೆನೆಯೊ ಶಾಲೆಯಲ್ಲಿ ಜೆಸ್ಯೂಟರು ತರಗತಿಯನ್ನು ರೋಮನ್, ಕಾರ್ಥೇಜ್ ಎಂದು ಎರಡು ಸಾಮ್ರಾಜ್ಯಗಳಾಗಿ ಒಡೆದು ಪೈಪೋಟಿಗೆ ಬಿಡುತ್ತಿದ್ದರು. ಹೊಸಬನಾದ ರಿಸಾಲ್ ಸಾಲಿನ ಕೊನೆಯಿಂದ ಆರಂಭಿಸಿ ತಿಂಗಳೊಳಗೆ ಚಕ್ರವರ್ತಿಯ, ಅಂದರೆ ಮೊದಲಿಗನ, ಸ್ಥಾನಕ್ಕೇರಿದ. ಇದಕ್ಕಿಂತಲೂ ಮುಖ್ಯವಾದುದು, ತನ್ನ ಸ್ಪ್ಯಾನಿಷ್ ಸಾಲದೆಂದು ಅರಿತು ಮಧ್ಯಾಹ್ನದ ಬಿಡುವಿನಲ್ಲಿ ಬೇರೊಂದು ಶಾಲೆಗೆ ಹೋಗಿ ಹಣ ಕೊಟ್ಟು ಪಾಠ ಹೇಳಿಸಿಕೊಂಡದ್ದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮುಂದೆ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಬೆಳೆಯುವ ಬಾಗೇಪಲ್ಲಿ, ಗೌರಿಬಿದನೂರಿನ ಮಕ್ಕಳು ಮನೆಯಲ್ಲಿ ತಗಾಲೊಗ್ ಆಡುತ್ತಿದ್ದ ಈ ಹುಡುಗನನ್ನು ತಮ್ಮವನೆಂದೇ ಭಾವಿಸುತ್ತಾರೆ.

ಜಾಲತಾಣಗಳಲ್ಲಿ ಸಿಗುವ ಕಥೆಗಳನ್ನು ಸೋಸಿ ಬಳಸಿ. ದೋಣಿಯಿಂದ ಒಂದು ಚಪ್ಪಲಿ ನೀರಿಗೆ ಬಿದ್ದಾಗ ಸಿಕ್ಕವರಿಗೆ ಉಪಯೋಗವಾಗಲೆಂದು ಇನ್ನೊಂದನ್ನೂ ಎಸೆದ ಕಥೆ ರಿಸಾಲ್ ಹೆಸರಿನಲ್ಲಿದೆ; ರೈಲಿನಲ್ಲಿ ಗಾಂಧೀಜಿ ಹಾಗೆ ಮಾಡಿದರೆಂಬ ಕಥೆಯನ್ನು ನಮ್ಮ ಮಕ್ಕಳು ಆಗಲೇ ಕೇಳಿರುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಯಾರು ಕಂಡು ಬರೆದದ್ದು ಎಂದು ಕೇಳಿ. ಎಂಟನೆಯ ವಯಸ್ಸಿನಲ್ಲಿ ಬರೆದರೆಂದು ಹೇಳುವ, ಮಾತೃಭಾಷೆಯ ಕುರಿತ ಕವಿತೆಗೆ ಅವರ ಕೈಬರಹದ ಪ್ರತಿಯಿಲ್ಲ, ಅದು ಅಚ್ಚಾದದ್ದು 1906ರಲ್ಲಿ, ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ. ಆದ್ದರಿಂದ ಅದನ್ನು ಭಾಷಣ ಸ್ಪರ್ಧೆಗೆ ಕೊಡಬೇಡಿ. ಹದಿಹರೆಯದ ಕೊನೆಯಲ್ಲಿ ರಿಸಾಲ್ ತಾವೇ ಬರೆದಿಟ್ಟ ವಿದ್ಯಾರ್ಥಿ ಜೀವನದ ನೆನಪುಗಳಿರುವಾಗ ಬೇರೆ ಕಥೆಗಳ ಅಗತ್ಯವಾದರೂ ಏನಿದೆ?

ಪಾಠವನ್ನು 1882ಕ್ಕೆ ನಿಲ್ಲಿಸಿ. ಆ ವರ್ಷದ ಮೇ 3ರಂದು ತಂದೆತಾಯಿಗಳಿಗೂ ತಿಳಿಸದೆ, ಪಸಿಯಾನೊ ಅವರ ಬೆಂಬಲದಿಂದ ರಿಸಾಲ್ ಸ್ಪೇನಿಗೆ ಹಡಗು ಹತ್ತಿದರು. ಅಣ್ಣ ಊರಿನಲ್ಲೇ ಉಳಿದು ಬೇಸಾಯ ನೋಡಿಕೊಂಡು ತಮ್ಮನ ಓದಿಗೆ ಹಣ ಕಳುಹಿಸಿದರು. ತಾಯಿಯ ದೃಷ್ಟಿ ಮಂದವಾಗುತ್ತಿದ್ದುದರಿಂದ ಕಣ್ಣಿನ ವೈದ್ಯವನ್ನು ಆರಿಸಿಕೊಂಡ ಸಂಗತಿಯನ್ನೂ ಇಲ್ಲಿಯೇ ಹೇಳಬಹುದು. ಬರವಣಿಗೆಗೆ ಮಕ್ಕಳಿಗೆ ಎರಡು ಪ್ರಶ್ನೆಗಳನ್ನು ಕೊಡಿ: ಊರಿನಲ್ಲೇ ಉಳಿದ ಪಸಿಯಾನೊ ತಮ್ಮನಿಗೆ ಬರೆಯುವ ಮೊದಲ ಪತ್ರದಲ್ಲಿ ಏನೇನಿರುತ್ತದೆ? ತಾಯಿಗೆ ಈ ವಿಷಯವನ್ನು ಅವರು ಹೇಗೆ ಹೇಳಿರಬಹುದು?