ಅಟ್ಟದಲ್ಲಿದ್ದ ರಿಮೋಟ್ ಕಾರಿಗೆ ಹೊಸ ಎಲೆಕ್ಟ್ರಾನಿಕ್ಸ್ ಅಳವಡಿಸುವ ಬಗೆ

ಚಿಕ್ಕಮಗಳೂರಿನ ನಮ್ಮ ಮನೆಯ ಅಟ್ಟದಿಂದ ನಾನು ಕೆಳಗಿಳಿಸಿದ ಕಾರು, 1984ರಲ್ಲಿ ಜಪಾನಿನ ತಾಮಿಯಾ ಕಂಪನಿ ಹೊರತಂದ ಗ್ರಾಸ್‌ಹಾಪರ್ ಎಂಬ ಬಗ್ಗಿ, ಅಂದರೆ ಕಚ್ಚಾನೆಲದಲ್ಲೂ ಓಡುವ ರಿಮೋಟ್ ಕಾರು. ಇಂಥ ಕಾರಿನಲ್ಲಿ ಬದಲಿಸಬೇಕಾದದ್ದು ನಿಯಂತ್ರಣದ ಭಾಗಗಳನ್ನು ಮಾತ್ರ. ಮೋಟಾರು, ಗೇರುಗಳನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಬಲವಾದ ಮೋಟಾರಿನ ಸೆಳೆತವನ್ನು ನಲವತ್ತು ವರ್ಷದ ಪ್ಲಾಸ್ಟಿಕ್ ತಾಳುವುದಿಲ್ಲ.

ಮಲೆನಾಡಿನ ಮಳೆಗಾಲಗಳನ್ನು ಕಂಡ ಕಾರಾದ್ದರಿಂದ ಮೊದಲು ತುಕ್ಕನ್ನೂ ಬೂಷ್ಟನ್ನೂ ನೋಡಬೇಕು. ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿದ್ದರೆ, ಅದರ ಬಿಳಿ ಪುಡಿ ಕ್ಷಾರಗುಣದ್ದಾದ್ದರಿಂದ, ಕೈಗವಸು ಹಾಕಿಕೊಂಡು ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಕ್ಯಾಡ್ಮಿಯಂ ವಿಷಕಾರಿ, ಆ ಬ್ಯಾಟರಿಯನ್ನು ಮನೆಯ ಕಸಕ್ಕೆ ಸೇರಿಸದೆ ಇ-ತ್ಯಾಜ್ಯಕ್ಕೇ ಕೊಡಬೇಕು. ಗೇರುಗಳಲ್ಲಿ ಗಟ್ಟಿಯಾದ ಗ್ರೀಸನ್ನು ತೆಗೆದು ಹೊಸದನ್ನು ತೆಳುವಾಗಿ ಸವರಿದರೆ ಸಾಕು.

ಆ ಕಾಲದ ಕಾರುಗಳಲ್ಲಿ ಒಂದು ಸರ್ವೋ (ರಿಮೋಟಿನ ಸಂಕೇತಕ್ಕೆ ತಕ್ಕಂತೆ ತೋಳನ್ನು ತಿರುಗಿಸುವ ಪುಟ್ಟ ಮೋಟಾರು ಪೆಟ್ಟಿಗೆ) ಲೋಹದ ಸಂಪರ್ಕವನ್ನು ಹಿಂದೆ ಮುಂದೆ ಸರಿಸಿ ವೇಗವನ್ನು ಬದಲಿಸುತ್ತಿತ್ತು. ನಿಧಾನವಾಗಿ ಓಡಿಸುವಾಗ ವಿದ್ಯುತ್ತು, ಹರಿವನ್ನು ತಗ್ಗಿಸುವ ರೆಸಿಸ್ಟರಿನ ಮೂಲಕ ಹಾದು, ಬ್ಯಾಟರಿಯ ಶಕ್ತಿಯಲ್ಲಿ ಒಂದು ಪಾಲು ಬರಿಯ ಬಿಸಿಯಾಗಿ ಪೋಲಾಗುತ್ತಿತ್ತು. ಆ ಸರ್ವೋ ಮತ್ತು ರೆಸಿಸ್ಟರುಗಳನ್ನು ತೆಗೆದು (ಎಸೆಯಬೇಡಿ, ಡಬ್ಬಿಯಲ್ಲಿ ಜೋಪಾನವಾಗಿಡಿ) ಅಲ್ಲಿ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರನ್ನು ಕೂರಿಸಬೇಕು. ಅದು ವಿದ್ಯುತ್ತನ್ನು ಅತಿ ವೇಗವಾಗಿ ಕೊಟ್ಟು ತಡೆದು ಮಾಡುವುದರಿಂದ ಪೋಲು ಬಹಳ ಕಡಿಮೆ. ಈ ಕಾರಿನಲ್ಲಿರುವಂಥ ಬ್ರಷ್ ಮೋಟಾರಿಗೆಂದು (ಒಳಗೆ ಉಜ್ಜುವ ಸಂಪರ್ಕಗಳ ಮೂಲಕ ವಿದ್ಯುತ್ತು ಪಡೆಯುವ ಮೋಟಾರು) ತಯಾರಾದದ್ದನ್ನೇ ಕೊಳ್ಳಬೇಕು. ಅದರಿಂದ ಮೋಟಾರಿಗೆ ಎರಡೇ ತಂತಿ ಹೋಗುತ್ತದೆ. ಕಾರಿನೊಳಗೆ ರಿಮೋಟಿನ ಸಂಕೇತವನ್ನು ಹಿಡಿಯುವ ರಿಸೀವರಿಗೆ ಬೇಕಾದ 5 ಅಥವಾ 6 ವೋಲ್ಟನ್ನೂ ಅದೇ ಕೊಡುವುದರಿಂದ ನಾಲ್ಕು ಪೆನ್ಸಿಲ್ ಸೆಲ್ಲಿನ ಪ್ರತ್ಯೇಕ ಡಬ್ಬಿ ಬೇಕಾಗುವುದಿಲ್ಲ.

ಮೋಟಾರಿನ ಎರಡು ತುದಿಗಳ ನಡುವೆ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇದ್ದರೆ ತಪ್ಪದೆ ಬಿಚ್ಚಬೇಕು. ಹೊಸ ಕಂಟ್ರೋಲರು ಹಿಮ್ಮುಖ ಚಲನೆಗೆ ವಿದ್ಯುತ್ತಿನ ದಿಕ್ಕನ್ನು ತಿರುಗಿಸಿದಾಗ ಡಯೋಡಿನ ಮೂಲಕ ಶಾರ್ಟ್ ಆಗಿ ಕಂಟ್ರೋಲರೇ ಸುಟ್ಟುಹೋಗಬಹುದು. 0.1 ಮೈಕ್ರೋಫ್ಯಾರಡಿನ ಮೂರು ಸೆರಾಮಿಕ್ ಕೆಪಾಸಿಟರುಗಳು ಮಾತ್ರ ಇರಲೇಬೇಕು: ಒಂದು ಎರಡೂ ತುದಿಗಳ ನಡುವೆ, ಉಳಿದೆರಡು ಪ್ರತಿ ತುದಿಯಿಂದ ಮೋಟಾರಿನ ಕವಚಕ್ಕೆ. ಬ್ರಷ್ಷಿನ ಕಿಡಿಗಳಿಂದ ಹುಟ್ಟುವ ರೇಡಿಯೋ ಗದ್ದಲವನ್ನು ಇವು ಅಡಗಿಸುತ್ತವೆ.

ಹಳೆಯ 27 ಮೆಗಾಹರ್ಟ್ಸ್ ರಿಮೋಟಿನ ಬದಲು 2.4 ಗಿಗಾಹರ್ಟ್ಸಿನದು ಬಂದರೆ ರಿಮೋಟು ಮತ್ತು ರಿಸೀವರಿನ ಆವರ್ತನವನ್ನು ಹೊಂದಿಸುವ ಕ್ರಿಸ್ಟಲ್ ಜೋಡಿಯೂ ಉದ್ದನೆಯ ಆಂಟೆನಾ ತಂತಿಯೂ ಬೇಕಿಲ್ಲ. ಸ್ಟಿಯರಿಂಗಿನ ಸರ್ವೋವನ್ನೂ ಹೊಸದಾಗಿಯೇ ಹಾಕುವುದು ಕ್ಷೇಮ, ಏಕೆಂದರೆ ಹಳೆಯ ಕೆಲವು ಸರ್ವೋಗಳ ಪ್ಲಗ್ಗಿನಲ್ಲಿ ತಂತಿಗಳ ಕ್ರಮವೇ ಬೇರೆ. ಮೊದಲು ಕರೆಂಟು ಕೊಟ್ಟು ಸರ್ವೋ ನಡುವಿಗೆ ಬಂದ ಮೇಲೆಯೇ ಅದರ ತೋಳನ್ನು ಸ್ಕ್ರೂ ಹಾಕಿ ಬಿಗಿಯಬೇಕು.

ಬ್ಯಾಟರಿಗೆ 7.2 ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಪ್ಯಾಕನ್ನೇ ನಾನು ಆರಿಸಿದೆ. ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಪೂರ್ತಿ ಚಾರ್ಜಾದಾಗ 8.4 ವೋಲ್ಟ್ ಇರುತ್ತದೆ. ಅದನ್ನು ಬಳಸುವವರು ಕಂಟ್ರೋಲರನ್ನು ಲಿಥಿಯಂ ಕ್ರಮಕ್ಕೆ ಹೊಂದಿಸದಿದ್ದರೆ ಸೆಲ್ಲು ಮಿತಿಮೀರಿ ಬರಿದಾಗಿ ಕೆಡುತ್ತದೆ.

ಚಕ್ರಗಳು ನೆಲ ಮುಟ್ಟದಂತೆ ಕಾರನ್ನು ಎತ್ತಿಟ್ಟು ಮೊದಲು ರಿಮೋಟನ್ನು, ಆಮೇಲೆ ಕಾರನ್ನು ಆನ್ ಮಾಡಿ. ಆಫ್ ಮಾಡುವಾಗ ಮೊದಲು ಕಾರು. ಚಕ್ರ ಹಿಂದಕ್ಕೆ ತಿರುಗಿದರೆ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು, ಬ್ಯಾಟರಿಯ ತಂತಿಗಳನ್ನು ಎಂದಿಗೂ ಅಲ್ಲ. ಮೊದಲ ಓಟಕ್ಕೆ ಕಾಫಿ ಎತ್ತಿದ ಮೇಲೆ ಗುಡಿಸಿಟ್ಟ ಸಿಮೆಂಟಿನ ಕಣಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ. ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಮೋಟಾರನ್ನು ಮುಟ್ಟಿ ನೋಡಿ: ಬೆರಳಿಡಲಾಗದಷ್ಟು ಬಿಸಿಯಾಗಿದ್ದರೆ ಗೇರು ಎಲ್ಲೋ ಬಿಗಿಯುತ್ತಿದೆ ಎಂದು ತಿಳಿದು ಮತ್ತೆ ಬಿಚ್ಚಬೇಕು.