ಕ್ಲಿನಿಕ್ ಫೋನ್ ಎತ್ತುವವರಿಗೆ: ಈಗಲೇನಾ, ಇವತ್ತಾ, ನಾಳೆಯಾ?

ಸಣ್ಣ ಕ್ಲಿನಿಕ್ಕು, ನರ್ಸಿಂಗ್ ಹೋಮುಗಳಲ್ಲಿ ಫೋನ್ ಎತ್ತುವುದು ಡಾಕ್ಟರಲ್ಲ. ಕೌಂಟರಿನಲ್ಲಿ ಕೂತವರು, ಇಲ್ಲವೇ ಸಿಸ್ಟರ್. ಇದು ಅವರಿಗಾಗಿ. ಕಾಯಿಲೆ ಯಾವುದು ಅಂತ ಫೋನಿನಲ್ಲಿ ಹೇಳುವುದು ನಿಮ್ಮ ಕೆಲಸವಲ್ಲ. ಈಗಲೇ ಹೊರಡಬೇಕಾ, ಇವತ್ತೇ ಬರಬೇಕಾ, ನಾಳೆವರೆಗೆ ತಡೆಯಬಹುದಾ, ಇಷ್ಟು ಗೊತ್ತು ಮಾಡಿಕೊಂಡರೆ ಸಾಕು. ಅನುಮಾನ ಇದ್ದರೆ "ಈಗಲೇ" ಅನ್ನಿ.

ಮೊದಲು ನಂಬರ್ ಬರೆದುಕೊಳ್ಳಿ, ಆಮೇಲೆ ಊರು. ಬರೀ ಹೊಸಹಳ್ಳಿ ಅಂದರೆ ಸಾಲದು, ಎಷ್ಟು ಹೊಸಹಳ್ಳಿಗಳಿವೆ ನಮ್ಮಲ್ಲಿ! ತಾಲೂಕು ಯಾವುದು, ಹತ್ತಿರ ಶಾಲೆ ಇದೆಯಾ, ದೇವಸ್ಥಾನ ಇದೆಯಾ ಕೇಳಿ. ನಡುವೆ ನೆಟ್‌ವರ್ಕ್ ಹೋದರೂ 108ಕ್ಕೆ ನೀವೇ ಹೇಳಬಹುದು.

ನಂತರ ಎರಡೇ ಪ್ರಶ್ನೆ. ಉಸಿರಾಡ್ತಿದ್ದಾರಾ? ಮಾತಾಡಿಸಿದರೆ ಮಾತಾಡ್ತಾರಾ? ವಯಸ್ಸು, ಹಳೇ ಚೀಟಿ ಎಲ್ಲಾ ಆಮೇಲೆ. ಅಲುಗಾಡಿಸಿದರೂ ಏಳುತ್ತಿಲ್ಲ, ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುತ್ತಿದ್ದಾರೆ ಅಂದರೆ ಅದನ್ನು ಉಸಿರಾಟ ಅಂತ ಲೆಕ್ಕ ಹಿಡಿಯಬೇಡಿ. ಫೋನ್ ಸ್ಪೀಕರಿಗೆ ಹಾಕಿಸಿ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಲು ಹೇಳಿ. ದೊಡ್ಡವರಿಗೆ ಸುಮಾರು 5 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ನೀವೇ ಜೋರಾಗಿ ಎಣಿಸುತ್ತಾ ಹೋಗಿ. ಅಷ್ಟರಲ್ಲಿ ಇನ್ನೊಂದು ಫೋನಿನಿಂದ 108ಕ್ಕೆ ಹೇಳಿಸಿ.

ಪ್ರಜ್ಞೆ ಇದ್ದರೆ ರೋಗಿಗೇ ಫೋನ್ ಕೊಡಿಸಿ. ಮಗ "ಸ್ವಲ್ಪ ದಮ್ಮು ಅಷ್ಟೇ" ಅಂದಿರುತ್ತಾನೆ, ಅಪ್ಪನಿಗೆ ನೋಡಿದರೆ ಒಂದು ಮಾತು ಪೂರ್ತಿ ಹೇಳೋಕೂ ಉಸಿರು ಸಾಲುತ್ತಿರುವುದಿಲ್ಲ. ಅಂಥವರು ಈಗಲೇ ಹೊರಡಬೇಕು.

ಎಲ್ಲಕ್ಕಿಂತ ಜಾಸ್ತಿ ಮೋಸ ಆಗುವುದು ಗ್ಯಾಸ್ಟ್ರಿಕ್ ವಿಷಯದಲ್ಲಿ. ನಮ್ಮಲ್ಲಿ ಎದೆಯಲ್ಲಿ ಏನಾದರೂ ಮೊದಲು ಗ್ಯಾಸ್ ಅಂದುಕೊಳ್ಳುತ್ತಾರೆ, ಸೋಡಾ ಕುಡೀತಾರೆ, ಜೀರಿಗೆ ನೀರು ಕುಡೀತಾರೆ, ರಾತ್ರಿಯೆಲ್ಲಾ ಹೊರಳಾಡಿ ಬೆಳಿಗ್ಗೆ "ಒಂದು ಮಾತ್ರೆ ಹೇಳಿ ಮೇಡಂ" ಅಂತ ಫೋನ್ ಮಾಡ್ತಾರೆ. ಮಾತ್ರೆ ಹೇಳಬೇಡಿ. ಯಾವಾಗಿಂದ? ಹಿಂಡಿದ ಹಾಗಾ, ಭಾರ ಇಟ್ಟ ಹಾಗಾ? ಕೈಗೆ, ದವಡೆಗೆ, ಬೆನ್ನಿಗೆ ಎಳೆಯುತ್ತಾ? ಬೆವರು ಬಂತಾ? ಒಂದಕ್ಕೆ ಹೌದು ಅಂದರೂ ಸಾಕು, ಈಗಲೇ ಹೊರಡಬೇಕು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ ಎದೆನೋವೇ ಇಲ್ಲದೆ ಬರೀ ಬೆವರು, ಸುಸ್ತು, ಉಬ್ಬಸದಲ್ಲೂ ಹಾರ್ಟ್ ಅಟ್ಯಾಕ್ ಆಗುತ್ತದೆ. ಇವರನ್ನು "ಕ್ಲಿನಿಕ್‌ಗೆ ಬನ್ನಿ" ಅಂತ ಕರೆಯಬೇಡಿ, ಡಾಕ್ಟರ್ ಇನ್ನೂ ಬಂದಿರದಿದ್ದರೆ ಸುಮ್ನೆ ಹೊತ್ತು ಹೋಗುತ್ತದೆ. ನೇರ ಇಸಿಜಿ ಇರುವ ಆಸ್ಪತ್ರೆಗೆ ಕಳಿಸಿ. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಿಂದ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲೇ ಈಗ ಹೆಪ್ಪು ಕರಗಿಸುವ ಇಂಜೆಕ್ಷನ್ ಸಿಗುತ್ತದೆ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ಮಾತ್ರ ಬೇಡ.

ಬಾಯಿ ಸೊಟ್ಟಗಾಗಿದೆ, ಒಂದು ಕೈ ಏಳ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ಕೇಳಬೇಕಾದ್ದು ಒಂದೇ: ಕೊನೆಗೆ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ? ಲಕ್ವದ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಆಗಬೇಕು, ಅದೂ ಸಿಟಿ ಸ್ಕ್ಯಾನ್ ನೋಡಿದ ಮೇಲೆ. ಏಳುವಾಗಲೇ ಹೀಗಿದ್ದರೆ ಮಲಗಿದ ಹೊತ್ತು ಬರೆದುಕೊಳ್ಳಿ. ನಾಟಿ ಔಷಧಿಗೆ ಹೋಗ್ತೀವಿ ಅಂದರೆ ಜಗಳ ಆಡಬೇಡಿ, "ಮೊದಲು ಸ್ಕ್ಯಾನ್ ಆಗಲಿ, ಆಮೇಲೆ ನೋಡೋಣ" ಅನ್ನಿ.

ಇನ್ನೊಂದು, ಹಳ್ಳಿ ಕಡೆಯ ಫೋನು. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದಿದ್ದಾರೆ, ಕಣ್ಣು ರೆಪ್ಪೆ ಎತ್ತೋಕಾಗ್ತಿಲ್ಲ. ಹಾವು ಕಚ್ಚಿರಬಹುದು ಅಂತ ಅನುಮಾನಪಡಿ; ಕಟ್ಟು ಹಾವು ಕಚ್ಚಿದರೆ ನೋವೂ ಇರದೆ, ಗುರುತೂ ಕಾಣದೆ ಇರಬಹುದು. ಬಿಗಿಯಾಗಿ ಕಟ್ಟುವುದು, ಕುಯ್ಯುವುದು ಬೇಡ. ಅಲುಗಾಡದಂತೆ ಮಲಗಿಸಿ ವಿಷಕ್ಕೆ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಸಾಗಿಸಲಿ.

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ, ಬಸುರಿಗೆ ರಕ್ತಸ್ರಾವ, ಅಥವಾ ತಲೆನೋವಿನ ಜೊತೆ ಕಣ್ಣು ಮಂಜು, ಕೀಟನಾಶಕ ಕುಡಿದವರು: ಎಲ್ಲರೂ ಈಗಲೇ. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ ಅಂತ ಕೂಡಲೇ ಹೇಳಿ, ಬಾಟಲಿ ಜೊತೆಗೇ ತರಲಿ.

ಫೋನ್ ಇಡುವ ಮುಂಚೆ ನೀವು ಹೇಳಿದ್ದನ್ನು ಅವರ ಬಾಯಲ್ಲೇ ಒಂದು ಸಲ ಹೇಳಿಸಿ. ಗಾಬರಿಯಲ್ಲಿ ಅರ್ಧ ತಲೆಗೆ ಹೋಗಿರುವುದಿಲ್ಲ. ಟೈಮು, ಏನು ಹೇಳಿದಿರಿ, ಎರಡನ್ನೂ ಬರೆದಿಟ್ಟು ಡಾಕ್ಟರಿಗೆ ತಿಳಿಸಿ. ಹತ್ತು ನಿಮಿಷ ಬಿಟ್ಟು ನೀವೇ ಫೋನ್ ಮಾಡಿ "ಹೊರಟ್ರಾ?" ಅಂತ ಕೇಳಿ. ಮಾವ ಬರಲಿ ಅಂತ ಕಾಯುತ್ತಿದ್ದರೆ, ಮಾವ ನೇರ ಆಸ್ಪತ್ರೆಗೇ ಬರಲಿ ಅನ್ನಿ.