ಹತ್ತರಿಂದ ಒಂದಕ್ಕೆ: ಮೆಚ್ಚಿನ ಹಾಡಿನ ವಿಡಿಯೊಗಳ ಪಟ್ಟಿ ಕಟ್ಟುವ ಬಗೆ

ಮೆಚ್ಚಿನ ಹತ್ತು ವಿಡಿಯೊಗಳನ್ನು ಹತ್ತನೆಯದರಿಂದ ಒಂದನೆಯದರವರೆಗೆ ಜೋಡಿಸಿ ಪ್ರೊಜೆಕ್ಟರ್‌ನಲ್ಲಿ ತೋರಿಸಬೇಕೆಂದರೆ ಮೊದಲು ಪಟ್ಟಿ ಸರಿಯಿರಬೇಕು. ಹಾಡು ಹಿಡಿಸಿದರೆ ಅದರ ವಿಡಿಯೊ ಕೂಡ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಪಟ್ಟಿ ದಾರಿ ತಪ್ಪುವುದು ಇಲ್ಲೇ. ಅದಕ್ಕೇ ನಾನು ಪ್ರತಿಯೊಂದನ್ನೂ ಮೊದಲು ದನಿ ಪೂರ್ತಿ ಮುಚ್ಚಿ ನೋಡುತ್ತೇನೆ, ಆಮೇಲೆ ದನಿ ಕೊಟ್ಟು. ಮೂಕವಾಗಿ ನೋಡುವಾಗ ಒಂದೂವರೆ ನಿಮಿಷದೊಳಗೆ ಕೈ ಮೊಬೈಲಿನತ್ತ ಹೋದರೆ ಆ ವಿಡಿಯೊ ಅನುಮಾನದ ಪಟ್ಟಿಗೆ.

ನಾರ್ವೆಯ ‘ಆ-ಹಾ’ ತಂಡದ ‘ಟೇಕ್ ಆನ್ ಮಿ’ (1985) ದನಿಯಿಲ್ಲದೆಯೂ ನಿಲ್ಲುತ್ತದೆ. ಪೆನ್ಸಿಲ್ ಗೆರೆಯ ಕೈ ಪುಸ್ತಕದಿಂದ ಹೊರಚಾಚುವಾಗ ಕಣ್ಣು ಕೀಳಲಾಗದು. ‘ಓಕೆ ಗೋ’ ತಂಡದವರು ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಒಂದೇ ಶಾಟ್‌ನಲ್ಲಿ ಕುಣಿದ 2006ರ ವಿಡಿಯೊ ಕೂಡ ಹಾಗೇ. ಆದರೆ ಮಿಶೆಲ್ ಗಾಂಡ್ರಿ ನಿರ್ದೇಶಿಸಿದ, ‘ಕೆಮಿಕಲ್ ಬ್ರದರ್ಸ್’ ಜೋಡಿಯ ‘ಸ್ಟಾರ್ ಗಿಟಾರ್’ (2002) ಈ ಪರೀಕ್ಷೆಯಲ್ಲಿ ಬಿದ್ದೇ ಹೋಗುತ್ತದೆ: ಬರೀ ರೈಲಿನ ಕಿಟಕಿ, ಹೊರಗೆ ಓಡುವ ಬಯಲು. ದನಿ ಕೊಟ್ಟ ಕೂಡಲೇ ಗೊತ್ತಾಗುತ್ತದೆ, ಕಂಬ, ಕಟ್ಟಡ, ಸೇತುವೆ ಎಲ್ಲವೂ ತಮ್ಮ ತಮ್ಮ ತಾಳದ ಪೆಟ್ಟಿಗೆ ಸರಿಯಾಗಿ ಬಂದು ಹೋಗುತ್ತಿವೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಾಟಿ ಇಳಿಯುವ ರೈಲಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಸುರಂಗ, ಬೆಳಕು, ಸುರಂಗ ಎಂಬ ಆ ಲಯ ಮೈಗೇ ಗೊತ್ತು. ನನ್ನ ಪಟ್ಟಿಯ ಒಂದನೇ ಸ್ಥಾನ ಇದಕ್ಕೇ. ಎರಡನೇ ನೋಟ ಬಿಡಬಾರದು ಅನ್ನುವುದು ಇದಕ್ಕಾಗಿ.

ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಬೇಡಿ, ಎಲ್ಲಕ್ಕೂ ಏಳೋ ಎಂಟೋ ಬೀಳುತ್ತದೆ. ಜೋಡಿ ಇಟ್ಟು, ಈಗ ಒಂದನ್ನೇ ನೋಡಬಹುದಾದರೆ ಯಾವುದು ಅಂತ ಕೇಳಿಕೊಳ್ಳಿ. 25 ವಿಡಿಯೊಗಳನ್ನು ಒಂದಕ್ಕೊಂದು ಹೋಲಿಸಿದರೆ 300 ಜೋಡಿ, ಯಾರಿಗೂ ಆಗದ ಕೆಲಸ. ಹೊಸದನ್ನು ಪಟ್ಟಿಯ ನಟ್ಟನಡುವಿನದರ ಜೊತೆ ಹೋಲಿಸಿ, ಗೆದ್ದರೆ ಮೇಲಿನ ಅರ್ಧದ ನಡುವಿಗೆ, ಸೋತರೆ ಕೆಳಗಿನ ಅರ್ಧಕ್ಕೆ. ಒಂದೊಂದಕ್ಕೆ ಹೆಚ್ಚೆಂದರೆ ಐದು ಹೋಲಿಕೆ ಸಾಕು. ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಮೂರು ಸ್ಥಾನಕ್ಕಿಂತ ಹೆಚ್ಚು ಜಿಗಿದವನ್ನು ಮಾತ್ರ ಮತ್ತೆ ನೋಡಿ.

ಹಳೆಯ ಕನ್ನಡ ಹಾಡುಗಳಿಗೆ ತಾಳ್ಮೆ ಬೇಕು. ‘ನಾಗರಹಾವು’ (1972) ಚಿತ್ರದ ನಿಧಾನ ಚಲನೆಯ ‘ಬಾರೇ ಬಾರೇ’ ನನ್ನ ಮೂರನೆಯದು. ಇಂಥವು ಮನೆಯಲ್ಲಿರುವುದು ಬಹುಪಾಲು ವಿಡಿಯೊ ಸಿಡಿಯಲ್ಲಿ (ವಿಸಿಡಿ): 352×288 ಪಿಕ್ಸೆಲ್ ಗಾತ್ರ, ಸೆಕೆಂಡಿಗೆ 25 ಫ್ರೇಮ್. ಸಿನಿಮಾ ತೆಗೆಯುವುದು 24ರಲ್ಲಿ. ಅದನ್ನೇ 25ಕ್ಕೆ ಓಡಿಸಿದ್ದರೆ ಹಾಡು ಶೇ 4ರಷ್ಟು ಬೇಗ ಮುಗಿಯುತ್ತದೆ, ಶ್ರುತಿಯೂ ಅರ್ಧ ಸ್ವರಕ್ಕಿಂತ ತುಸು ಕಡಿಮೆಯಷ್ಟು ಏರುತ್ತದೆ. ಆಡಿಯೊ ಸಿಡಿಯ ಒಳ್ಳೆಯ ದನಿಯನ್ನು ಈ ಚಿತ್ರಕ್ಕೆ ಕೂಡಿಸಲು ಹೋದರೆ ಮೊದಲ ಸಾಲು ಹೊಂದುತ್ತದೆ, ನಾಲ್ಕು ನಿಮಿಷದ ಹಾಡಿನ ಕೊನೆಯಲ್ಲಿ ಹತ್ತು ಸೆಕೆಂಡ್ ವ್ಯತ್ಯಾಸ. ಚಿತ್ರದ ವೇಗ 96%ಗೆ ಇಳಿಸಿ, ಮೊದಲ ಪೆಟ್ಟು ಮತ್ತು ಕೊನೆಯ ಪೆಟ್ಟು ಎರಡನ್ನೂ ಹೊಂದಿಸಿ ನೋಡಿ. ಅಕ್ಕಪಕ್ಕದ ಫ್ರೇಮ್‌ಗಳನ್ನು ಬೆರೆಸುವ ‘ಫ್ರೇಮ್ ಬ್ಲೆಂಡಿಂಗ್’ ಆಫ್ ಇರಲಿ, ಆನ್ ಆದರೆ ಒಂದು ಕೈ ಎರಡಾಗಿ ಮಸುಕಾಗುತ್ತದೆ. 4:3 ಚಿತ್ರವನ್ನು ಟಿವಿ ತುಂಬ ಎಳೆಯಬೇಡಿ. ಅಕ್ಕಪಕ್ಕ ಕಪ್ಪು ಪಟ್ಟಿ ಇದ್ದರೇ ಮುಖ ಮುಖದ ಹಾಗಿರುತ್ತದೆ.

ದನಿಯ ಮಟ್ಟ ಸರಿಮಾಡುವುದು ಇನ್ನೊಂದು ದೊಡ್ಡ ಕೆಲಸ. ಹೊಸ ಹಾಡುಗಳು ಅಬ್ಬರ, ಹಳೆಯವು ಮೆತ್ತಗೆ. ಹಳೆಯದನ್ನು ಏರಿಸಿದರೆ ಹಿನ್ನೆಲೆಯ ‘ಸ್ಸ್’ ಸದ್ದು (ಹಿಸ್) ಕೂಡ ಏರುತ್ತದೆ, ಆದ್ದರಿಂದ ಹೊಸದನ್ನೇ ಇಳಿಸಿ. ನಾನು ಇಡುವುದು ಮೈನಸ್ 18 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಅಬ್ಬರದ ಅಳತೆ). ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ದನಿಯ ಮಟ್ಟ ಸರಿಮಾಡುವ ‘ಲೌಡ್‌ನಾರ್ಮ್’ ಬಳಸುವವರು ಎರಡು ಸುತ್ತು ಓಡಿಸಿ: ಮೊದಲ ಸುತ್ತು ಅಳತೆಗೆ, ಎರಡನೆಯದು ಆ ಅಳತೆ ಕೊಟ್ಟು ಲೀನಿಯರ್ ಕ್ರಮದಲ್ಲಿ, ಅಂದರೆ ಇಡೀ ಹಾಡನ್ನು ಒಂದೇ ಪ್ರಮಾಣದಲ್ಲಿ ಏರಿಸಿ ಇಳಿಸುವಂತೆ. ಒಂದೇ ಸುತ್ತಿನಲ್ಲಿ ಮುಗಿಸಿದರೆ ಹಾಡಿನೊಳಗೇ ದನಿ ಏರಿಳಿದು ಪಲ್ಲವಿಯ ಕಸುವು ಹೋಗುತ್ತದೆ, ಸ್ಯಾಂಪಲ್ ದರವೂ (ಸೆಕೆಂಡಿಗೆ ದನಿಯನ್ನು ಎಷ್ಟು ಬಾರಿ ಅಳೆಯುತ್ತದೆ ಎಂಬುದು) 192 ಕಿಲೊಹರ್ಟ್ಸ್‌ಗೆ ಜಿಗಿಯುತ್ತದೆ. 48 ಎಂದು ನೀವೇ ಬರೆದು ಕೊಡಬೇಕು.

ಪ್ರತಿ ವಿಡಿಯೊಗೆ ಮುಂಚೆ ಅದರ ಸ್ಥಾನ ತೋರಿಸುವ ಅಂಕಿಯ ಕಾರ್ಡಿಗೆ ಯೂನಿಕೋಡ್ ಫಾಂಟ್ ಬಳಸಿ, ನೋಟೊ ಸಾನ್ಸ್ ಕನ್ನಡ ಸಾಕು. ಎಡಿಟಿಂಗ್ ತಂತ್ರಾಂಶದಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಕಾರ್ಡನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದು 1920×1080 ಪಿಎನ್‌ಜಿ ಚಿತ್ರ ಮಾಡಿ ಸೇರಿಸಿ. ಕಾರ್ಡಿನಲ್ಲಿ ಅಂಕಿ ಮಾತ್ರ, ಐದು ಸೆಕೆಂಡ್. ಹಾಡಿನ ಹೆಸರು ವಿಡಿಯೊ ಮುಗಿದ ಮೇಲೆ.

ಮೈಕಲ್ ಜಾಕ್ಸನ್‌ರ ‘ಥ್ರಿಲ್ಲರ್’ (1983) ಸುಮಾರು 14 ನಿಮಿಷ. ಅದು ಎರಡನೇ ಸ್ಥಾನದಲ್ಲಿದ್ದರೆ ಮೂರರ ಮುಂಚೆಯೇ ಕಾಫಿಗೆ ಬಿಡುವು ಕೊಟ್ಟುಬಿಡಿ.

ಚಿಕ್ಕಮಗಳೂರಿನ ಕಡೆ ಮಾರ್ಚ್ ಹೊತ್ತಿಗೆ ಕಾಫಿ ಒಣಗಿಸುವ ಕಣ ಖಾಲಿ. ಪ್ರೊಜೆಕ್ಟರ್ ಇಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಿಳಿ ಪಂಚೆಯ ಹಿಂದೆ ಕಪ್ಪು ಟಾರ್ಪಾಲ್ ಕಟ್ಟಿ, ಹಿಂದಿನ ದೀಪದ ಬೆಳಕು ತೂರಿ ಬರುವುದಿಲ್ಲ. ಕೆಳ ಅಂಚಿಗೆ ಅಡಿಕೆ ದಬ್ಬೆ ಹೊಲಿದರೆ ಗಾಳಿಗೆ ಹಾರದು. ಸಂಜೆ ಏಳೂಕಾಲಿಗೆ ಮುಂಚೆ ಶುರುಮಾಡಿದರೆ ಕತ್ತಲ ದೃಶ್ಯಗಳು ಕಾಣುವುದಿಲ್ಲ. ಒಂದನೇ ವಿಡಿಯೊ ಆದ ಮೇಲೆ 20 ಸೆಕೆಂಡ್ ಕಪ್ಪು ತೆರೆ ಸೇರಿಸಿಡಿ, ಇಲ್ಲದಿದ್ದರೆ ಪ್ಲೇಯರ್ ಆ ಕ್ಷಣವೇ ಮುಂದಿನ ಯಾವುದೋ ಫೈಲಿಗೆ ಹಾರುತ್ತದೆ.